ಕಾಲರಕ್ಕನ ಜಾಗ

"ಕಾಲರಕ್ಕ, ಹನ್ನೊಂದು ಸಲ!"

ಬಿಳಿ ಹಲಗೆಯ ಮೇಲೆ ಬರೆದದ್ದನ್ನು ಸೂಪರ್‌ವೈಸರ್ ಗಟ್ಟಿಯಾಗಿ ಓದಿದ. ಹೊಲಿಗೆ ಮೆಷಿನ್‌ಗಳು ಇನ್ನೂ ಶುರುವಾಗಿರಲಿಲ್ಲ. ಅರವತ್ತು ಜನ ಹೆಂಗಸರು ತಂತಮ್ಮ ಸ್ಟೂಲಿನ ಮೇಲೆ ಕೂತು ಕೇಳುತ್ತಿದ್ದರು. ನಿನ್ನೆ ಯಾರ್‍ಯಾರು ಎಷ್ಟೆಷ್ಟು ಸಲ ಕೆಲಸ ಬಿಟ್ಟು ಕಕ್ಕಸಿಗೆ ಎದ್ದುಹೋದರು ಎನ್ನುವ ಪಟ್ಟಿ ಅದು.

"ಈಯಮ್ಮ ಹೊಲಿಯೋಕೆ ಬರ್ತಾರೋ, ಕಕ್ಕಸು ಕಾಯೋಕೆ ಬರ್ತಾರೋ?"

ಪಕ್ಕದ ಸಾಲಿನಲ್ಲಿ ಯಾರೋ ಕಿಸಕ್ಕನೆ ನಕ್ಕರು. ಕಾಲರಕ್ಕ ತಲೆ ತಗ್ಗಿಸಿದಳು. ಹೊಟ್ಟೆಯೊಳಗೆ ಯಾರೋ ಒದ್ದೆ ಬಟ್ಟೆ ಹಿಂಡಿದ ಹಾಗಾಗುತ್ತಿತ್ತು. ನಾಚಿಕೆಪಡಲು ಆಗ ಪುರುಸೊತ್ತೇ ಇರಲಿಲ್ಲ.

ಹದಿನಾಲ್ಕು ವರ್ಷದಿಂದ ಅವಳು ಅಂಗಿಗಳಿಗೆ ಕಾಲರ್ ಕೂರಿಸುತ್ತಿದ್ದಳು. ಅವಳು ಕೂರಿಸಿದ ಕಾಲರಿನ ಎರಡು ತುದಿ ಜೋಡಿಸಿ ನೋಡಿದರೆ ಎಳ್ಳಷ್ಟೂ ಹೆಚ್ಚುಕಡಿಮೆ ಇರುತ್ತಿರಲಿಲ್ಲ. ಅವಳ ಹೆಸರು ಯಾರ ಬಾಯಲ್ಲೂ ಉಳಿದಿರಲಿಲ್ಲ. ಎಲ್ಲರಿಗೂ ಅವಳು ಕಾಲರಕ್ಕ. ಕಾಯಿಲೆ ಅಂಟಿಕೊಂಡದ್ದು ಮೂರು ವರ್ಷದ ಹಿಂದೆ. ಮೊದಲು ರಕ್ತ ಕಂಡಾಗ ಮೂಲವ್ಯಾಧಿ ಇರಬೇಕೆಂದು ಸುಮ್ಮನಿದ್ದಳು. ಹಾಕಿಕೊಂಡ ಬಟ್ಟೆಯೆಲ್ಲ ಜೋಲುವಷ್ಟು ಸೊರಗಿದ ಮೇಲೆ ಆಸ್ಪತ್ರೆಗೆ ಹೋದಳು. ಡಾಕ್ಟರಮ್ಮ ಕರುಳಿಗೆ ಕ್ಯಾಮೆರಾ ತೂರಿಸಿ ನೋಡಿ ಹೇಳಿದ್ದರು: "ದೊಡ್ಡ ಕರುಳಿನ ಒಳಗೆಲ್ಲ ಹುಣ್ಣು. ನಿಮ್ಮ ಮೈಯೇ ನಿಮ್ಮ ಕರುಳಿನ ಮೇಲೆ ಜಗಳಕ್ಕೆ ನಿಂತಿದೆ."

"ವಾಸಿ ಆಗುತ್ತಾ?"

"ಹತೋಟಿಗೆ ಬರುತ್ತೆ. ಇದು ಬಂದು ಹೋಗೋ ನೆಂಟ ಅಲ್ಲಮ್ಮ, ಮನೇಲೇ ಝಂಡಾ ಹೂಡೋ ಭಾವಮೈದ."

"ಭಾವಮೈದ ಆಗಿದ್ರೆ ನಾಲ್ಕು ಬೈದಾದ್ರೂ ಕೂರಿಸಬಹುದಿತ್ತು," ಎಂದಿದ್ದಳು ಅವಳು.

ಸ್ಟೀರಾಯ್ಡ್ ಗುಳಿಗೆ ನುಂಗಿದಾಗ ಮುಖ ಬುರಬುರನೆ ಊದಿಕೊಂಡಿತು, ಹೊಟ್ಟೆ ತಣ್ಣಗಾಯಿತು. ಗುಳಿಗೆ ಕಡಿಮೆ ಮಾಡಿದೊಡನೆ ಮತ್ತೆ ಹಳೇ ರಾಗ. ಇನ್ನು ಡ್ರಿಪ್ಪಿನಲ್ಲಿ ಬೇರೆ ಔಷಧಿ ಕೊಡೋಣ, ಮುಂದೆ ಎಂಟು ವಾರಕ್ಕೊಮ್ಮೆ ಬರಬೇಕಾಗುತ್ತದೆ ಎಂದು ಡಾಕ್ಟರಮ್ಮ ಹೇಳಿ ಕಳಿಸಿದ್ದರು. ಗಂಡ ತಿಂಗಳಲ್ಲಿ ಇಪ್ಪತ್ತು ದಿನ ಲಾರಿಯ ಮೇಲಿರುತ್ತಿದ್ದ. ಮನೆಯಲ್ಲಿ ಅವಳಿಗೆ ಜೊತೆ ಅತ್ತೆ. ಅತ್ತೆಯದು ಒಂದೇ ಮಾತು: "ಊರಿಗೆಲ್ಲ ಡಂಗುರ ಹೊಡೀಬೇಡ. ಯಾರಾದ್ರೂ ಕೇಳಿದ್ರೆ ಗ್ಯಾಸು ಅನ್ನು."

ಪಟ್ಟಿ ಓದಿದ ದಿನವೇ ಮಧ್ಯಾಹ್ನ ಅದು ನಡೆದದ್ದು. ಕಕ್ಕಸಿನ ಬಾಗಿಲು ಹೊಲಿಗೆ ಹಾಲ್‌ನ ಆ ತುದಿಗೆ. ಹೋಗಬೇಕಾದರೆ ಸೂಪರ್‌ವೈಸರ್ ಮೇಜಿನ ಹತ್ತಿರ ಮೊಳೆಗೆ ನೇತುಹಾಕಿದ್ದ ಮರದ ಬಿಲ್ಲೆ ಹಿಡಿದು ಹೋಗಬೇಕು. ಅರವತ್ತು ಜನಕ್ಕೆ ಅದೊಂದೇ. ಅವಳು ಎದ್ದು ಬಂದಾಗ ಮೊಳೆ ಖಾಲಿ.

"ಸಾರ್, ತಡ್ಕೊಳಕ್ಕಾಗ್ತಿಲ್ಲ."

"ಬಿಲ್ಲೆ ಬರ್ಲಿ. ಎಲ್ಲರಿಗೂ ಒಂದೇ ನ್ಯಾಯ."

ಅವನನ್ನು ದಾಟಿ ಓಡಬಹುದಿತ್ತು. ಹದಿನಾಲ್ಕು ವರ್ಷ ಹೇಳಿದ್ದು ಕೇಳಿ ರೂಢಿಯಾದ ಕಾಲು ನಿಂತೇ ಬಿಟ್ಟಿತು. ಬಿಲ್ಲೆ ಬರುವಷ್ಟರಲ್ಲಿ ನಿಂತಲ್ಲೇ, ಬಟ್ಟೆಯಲ್ಲೇ ಎಲ್ಲ ಮುಗಿದುಹೋಗಿತ್ತು. ಕತ್ತರಿಸಿಟ್ಟ ಅಂಗಿಬಟ್ಟೆಯೊಂದನ್ನು ಸೊಂಟಕ್ಕೆ ಬಿಗಿದುಕೊಂಡು, ಬಸ್ಸು ಹತ್ತದೆ, ಮನೆಯವರೆಗೂ ನಡೆದೇ ಹೋದಳು.

ಅತ್ತೆ ನೀರು ಕಾಯಿಸಿ ಕೊಟ್ಟಳು. ಸೊಸೆ ಬೇಡವೆಂದರೂ ಬಟ್ಟೆಯನ್ನು ತಾನೇ ಕಸಿದುಕೊಂಡು ಒಗೆದಳು. ಕೈ ಒರೆಸಿಕೊಳ್ಳುತ್ತಾ ಅಂದಳು: "ನಾಳೆಯಿಂದ ಹೋಗ್ಬೇಡ ಬಿಡು."

"ಹೋಗ್ತೀನಿ ಅತ್ತೆ."

"ಯಾವ ಮುಖ ಇಟ್ಕೊಂಡು ಹೋಗ್ತೀಯೇ?"

"ಇದೇ ಊದಿದ ಮುಖ ಇಟ್ಕೊಂಡು."

ಮರುದಿನ ಎಲ್ಲರಿಗಿಂತ ಮುಂಚೆ ಬಂದಳು. ಮೆಷಿನ್ನಿನ ವೈರು ಬಿಚ್ಚಿ, ಮೇಜಿನ ಕಾಲು ಕಿರುಗುಟ್ಟಿಸುತ್ತಾ ಹಾಲಿನುದ್ದಕ್ಕೂ ಎಳೆದುಕೊಂಡು ಹೋಗಿ ಕಕ್ಕಸಿನ ಬಾಗಿಲ ಪಕ್ಕ ನಿಲ್ಲಿಸಿದಳು. ಮೆಷಿನ್ ರಿಪೇರಿಯವನು ಸೊಂಟದ ಮೇಲೆ ಕೈಯಿಟ್ಟು ನೋಡಿದ.

"ವೈರು ಸಾಲಲ್ಲ. ಒಂದಿಷ್ಟು ಉದ್ದ ಮಾಡಿಕೊಡಪ್ಪ."

"ಮೆಷಿನ್ ಕೆಟ್ರೆ ರಿಪೇರಿ ಮಾಡ್ತೀನಕ್ಕ, ಕೆಲ್ಸ ಹೋದ್ರೆ ರಿಪೇರಿ ಮಾಡಕ್ಕಾಗಲ್ಲ," ಎನ್ನುತ್ತಲೇ ಅವನು ವೈರು ಜೋಡಿಸಿಕೊಟ್ಟ.

ಸೂಪರ್‌ವೈಸರ್ ಬಂದವನೇ ಕೆಂಡವಾದ. "ಯಾರನ್ನ ಕೇಳಿ ಎಳೆದ್ರಿ ಇದನ್ನ?"

"ನನ್ನ ಕರುಳನ್ನ ಕೇಳಿ ಸಾರ್."

ಹಾಲಿನಲ್ಲಿ ನಗು ಎದ್ದಿತು. ಅವಳು ನಗಲಿಲ್ಲ. ಎದ್ದು ನಿಂತು, ಕೊನೆಯ ಸಾಲಿಗೂ ಕೇಳುವಂತೆ ಹೇಳಿದಳು: "ನನ್ನ ಕರುಳಲ್ಲಿ ಹುಣ್ಣಿದೆ. ಅಂಟುರೋಗ ಅಲ್ಲ. ವಾಸಿಯಾಗೋದೂ ಅಲ್ಲ. ನಿನ್ನೆ ಏನಾಯ್ತು ಅಂತ ನೀವೆಲ್ಲ ನೋಡಿದ್ರಿ. ಇನ್ಮೇಲೆ ಆ ಬಿಲ್ಲೆ ಮುಟ್ಟಲ್ಲ, ಯಾರನ್ನೂ ಕೇಳಲ್ಲ. ಇಪ್ಪತ್ತು ಸಲ ಎದ್ದರೂ ದಿನದ ಕಾಲರ್ ದಿನ ಮುಗಿಸಿ ಕೊಡ್ತೀನಿ. ಕಡಿಮೆ ಬಿದ್ರೆ ಆಮೇಲೆ ಮಾತಾಡಿ."

"ಮೇಲಿನವರು ನನ್ನ ತಲೆ ತಿಂತಾರೆ ಕಣಮ್ಮ!"

"ನನ್ನನ್ನ ಕರುಳೇ ತಿಂತಿದೆ ಸಾರ್."

ಅವಳಿಗೆ ಅಂಗಿ ಕೊಡಕೂಡದೆಂದು ಅವನು ಅಪ್ಪಣೆ ಮಾಡಿದ. ಹೊಸಬಳೊಬ್ಬಳನ್ನು ಕಾಲರಿಗೆ ಕೂರಿಸಿದ. ಕಾಲರಕ್ಕ ಖಾಲಿ ಮೆಷಿನ್ ಮುಂದೆ ಫಿನಾಯಿಲ್ ವಾಸನೆಯಲ್ಲಿ ಕೈಕಟ್ಟಿ ಕೂತಳು. ಎರಡು ಸಲ ಎದ್ದು ಒಳಗೆ ಹೋಗಿ ಬಂದಳು. ಯಾರ ಮುಖವನ್ನೂ ನೋಡಲಿಲ್ಲ. ಊಟದ ಹೊತ್ತಿಗೆ ತಪಾಸಣೆ ಮೇಜಿನ ಮೇಲೆ ಸೊಟ್ಟ ಕಾಲರಿನ ಅಂಗಿಗಳ ಗುಡ್ಡೆ ಬಿದ್ದಿತ್ತು. ಆಗ ತೋಳು ಕೂರಿಸುವವಳು, ಹಿಂದಿನ ದಿನ ಕಿಸಕ್ಕನೆ ನಕ್ಕವಳೇ, ಒಂದು ಕಟ್ಟು ಅಂಗಿ ಎದೆಗವಚಿಕೊಂಡು ಹಾಲನ್ನು ದಾಟಿ ಬಂದು ಅವಳ ಮುಂದೆ ಇಳಿಸಿದಳು.

"ಬೇಗ ಬೇಗ ಕೊಡಕ್ಕ. ಸೊಟ್ಟ ಕಾಲರಿನ ಅಂಗಿಗೆ ನೆಟ್ಟಗೆ ತೋಳು ಕೂರಿಸಿ ಏನು ಬಂತು?"

ಸೂಪರ್‌ವೈಸರ್ ಗುಡ್ಡೆಯ ಕಡೆ ನೋಡಿ, ಹೊಸಬಳನ್ನು ಕಾಲರಿನ ಕೆಲಸದಿಂದ ಎಬ್ಬಿಸಿದ.

ಮುಂದಿನ ವಾರ ಮೊದಲ ಡ್ರಿಪ್. ಅತ್ತೆ ಬೇಡವೆಂದರೂ ಜೊತೆಗೆ ಬಂದಳು. ಸಾಲು ಕುರ್ಚಿಗಳಲ್ಲಿ ಕೂತವರ ಕೈಗೆಲ್ಲ ಕೊಳವೆ. ಪಕ್ಕದ ಹೆಂಗಸು ಮೆತ್ತಗೆ ಕೇಳಿದಳು, "ನಿಮ್ಮ ಸೊಸೆಗೆ ಏನಾಗಿದೆ?" ಕಾಲರಕ್ಕ ಕಣ್ಣು ಮುಚ್ಚಿಕೊಂಡೇ, ಈಗ ಅತ್ತೆಯ ಬಾಯಿಂದ ಗ್ಯಾಸು ಎನ್ನುವ ಮಾತು ಬರುತ್ತದೆ ಎಂದು ಕಾದಳು.

"ಕರುಳಲ್ಲಿ ಹುಣ್ಣು," ಎಂದಳು ಅತ್ತೆ, ನರ್ಸು ತಿರುಗಿ ನೋಡುವಷ್ಟು ಗಟ್ಟಿಯಾಗಿ. "ಆದ್ರೂ ಒಂದು ದಿನ ಕೆಲ್ಸ ತಪ್ಪಿಸಲ್ಲ. ಇವತ್ತೊಂದು ದಿನ ರಜೆ, ಅಷ್ಟೆ."

ಡ್ರಿಪ್ಪಿನಿಂದ ಮಾಯಮಂತ್ರವೇನೂ ಆಗಲಿಲ್ಲ. ಮರುದಿನವೂ ಮಧ್ಯಾಹ್ನದೊಳಗೆ ನಾಲ್ಕು ಸಲ ಏಳಬೇಕಾಯಿತು. ತಾನಿಲ್ಲದಾಗ ಮೆಷಿನ್ನನ್ನು ಹಳೆಯ ಜಾಗಕ್ಕೆ ಎಳೆದಿರುತ್ತಾರೆಂದು ಬೆಳಿಗ್ಗೆ ದಾರಿಯುದ್ದಕ್ಕೂ ಜಗಳದ ಮಾತು ಜೋಡಿಸಿಕೊಂಡು ಬಂದಿದ್ದಳು. ಮೆಷಿನ್ ಬಾಗಿಲ ಪಕ್ಕದಲ್ಲೇ ಇತ್ತು, ಪಕ್ಕದಲ್ಲಿ ಎರಡು ಕಟ್ಟು ಅಂಗಿ. ಮಾತನ್ನೆಲ್ಲ ನುಂಗಿ ಹೊಲಿಯಲು ಕೂತಳು.

ಮೂರು ಗಂಟೆಯ ಹೊತ್ತಿಗೆ ಬೆನ್ನ ಹಿಂದೆ ಏನೋ ಕಿರುಗುಟ್ಟಿತು. ಗುಂಡಿ ಹೊಲಿಯುವ ಹುಡುಗಿ, ಏಳು ತಿಂಗಳ ಬಸುರಿ, ರಿಪೇರಿಯವನ ಕೈಯಲ್ಲಿ ತನ್ನ ಮೆಷಿನ್ ತಳ್ಳಿಸಿಕೊಂಡು ಬಂದು ನಿಂತಿದ್ದಳು. ಏದುಸಿರು ಬಿಡುತ್ತಿದ್ದಳು.

"ಅಕ್ಕ, ಒಂಚೂರು ಸರ್ಕೊಳ್ತೀಯಾ?"

ಕಾಲರಕ್ಕ ಪೆಡಲಿನಿಂದ ಕಾಲು ತೆಗೆದಳು. ಸೂಜಿಯ ಕೆಳಗಿದ್ದ ಅಂಗಿಯನ್ನು ಹಾಗೆಯೇ ಬಿಟ್ಟು, ಸ್ಟೂಲನ್ನು ಗೋಡೆಯ ಕಡೆಗೆ ಒಂದು ಗೇಣು ಸರಿಸಿದಳು.