ಸಕ್ರವ್ವಾ, ಮರೀಬ್ಯಾಡ

ನನ್ನ ಅಪ್ಪ ಸತ್ತ ಮೇಲೆ ದಿನಾ ಬೆಳಗ್ಗೆ, ಸಂಜೆ ನಮ್ಮ ಮನೆಯ ಮುಂದೆ ಬಂದು ಓಟು ಕೇಳುತ್ತಿದ್ದ. ಹೌದು, ಸತ್ತ ಮೇಲೆ. ಇದನ್ನು ಹೇಳಲು ಬಾಯಿ ತೆರೆದರೆ ಈಗಲೂ ನನ್ನ ದನಿ ಏರುತ್ತದೆ. ಕೇಳುವವರಿಗೆ ನಾನು ಜಗಳಗಂಟಿ ಅನ್ನಿಸಿದರೆ ಅನ್ನಿಸಲಿ. ನಾನು ಬಾಳುತ್ತಿರುವ ಟಿಕೋಟಾದ ಓಣಿಯಲ್ಲೂ ಹಾಗೇ ಅನ್ನುತ್ತಾರೆ.

ನನ್ನ ತವರು ನಿಡೋಣಿ. ಅಲ್ಲಿಗೆ ಚುನಾವಣೆಗೆ ನಿಂತ ಸಾಹೇಬರ ಪ್ರಚಾರದ ಗಾಡಿ ಬರುತ್ತಿತ್ತು. ಹಿಂದೆ ಬಾಗಿಲಿನಷ್ಟು ದೊಡ್ಡ ಟಿವಿ, ಮೇಲೆ ಮೈಕು. ಮೊದಲು ಹಾಡು, ಆಮೇಲೆ ಕೈ ಮುಗಿದ ಸಾಹೇಬರು, ಆಮೇಲೆ ನನ್ನ ಅಪ್ಪ. ಮೈಮೇಲೆ ಇಸ್ತ್ರಿಯ ಬಿಳಿ ಅಂಗಿ, ತಲೆಗೆ ಹೊಸ ರುಮಾಲು, ಎರಡೂ ಅವನವಲ್ಲ.

“ನನ್ನ ಹೆಸರು ಮಲಕಾಜಪ್ಪ. ಊರು ನಿಡೋಣಿ. ನನ್ನ ಎದಿ ಆಪರೇಷನ್ ಸಾಹೇಬರು ಮಾಡಿಸ್ಯಾರ. ಇವತ್ತ ನಾ ಕುರಿ ಹಿಂದ ಅಡ್ಡಾಡಾಕತ್ತೇನಿ ಅಂದ್ರ ಅವರಿಂದ. ನಾನೂ ನನ್ನ ಹೇಣ್ತಿ ಸಕ್ರವ್ವನೂ ಅವರಿಗೇ ಓಟ ಹಾಕೋರು.” ಇಷ್ಟು ಹೇಳಿ ಅಪ್ಪ ತುಸು ಪಕ್ಕಕ್ಕೆ ತಿರುಗುತ್ತಿದ್ದ. ಅವ್ವ ಅಲ್ಲೇ ನಿಂತಿದ್ದಾಳೋ ಎಂಬಂತೆ ನಗುತ್ತ ಹೇಳುತ್ತಿದ್ದ: “ಸಕ್ರವ್ವಾ, ಮರೀಬ್ಯಾಡ, ಹಾಂ!”

ಆಪರೇಷನ್ ಆಗಿರಲೇ ಇಲ್ಲ. ದೊಡ್ಡ ಆಸ್ಪತ್ರೆಯಲ್ಲಿ ಪುಕ್ಕಟೆ ಆಗಬೇಕಾದರೆ ಸಾಹೇಬರ ಪತ್ರ ಬೇಕು ಎಂದವನು ದೇವಾನಂದ. ಅವನು ನಮ್ಮೂರವನೇ, ಸಾಹೇಬರ ಕಡೆಯ ಕೆಲಸವೆಲ್ಲ ಅವನ ಕೈಯಲ್ಲಿ. ಪತ್ರ ಇವತ್ತು ಬರುತ್ತದೆ, ನಾಳೆ ಬರುತ್ತದೆ ಎನ್ನುತ್ತಲೇ ಚುನಾವಣೆ ಬಂತು. ಅಪ್ಪನನ್ನು ಜೀಪಿನಲ್ಲಿ ವಿಜಯಪುರಕ್ಕೆ ಕರೆದೊಯ್ದು, “ಹೆಂಗೂ ಆಪರೇಷನ್ ಆಗೂದೈತಿ ಕಾಕಾ, ಮೊದಲಾ ಹೇಳಿದ್ರ ಏನಾತು?” ಎಂದು ಈ ಮಾತು ಆಡಿಸಿಕೊಂಡ. ಅದಾಗಿ ಕೆಲವೇ ದಿನಕ್ಕೆ ಕುರಿದೊಡ್ಡಿಯ ಬಾಗಿಲಲ್ಲಿ ಕೂತಿದ್ದ ಅಪ್ಪ ಕೂತಲ್ಲೇ ವಾಲಿದ. ದಿನಕಾರ್ಯ ಮುಗಿಸಿ ಅವ್ವನ ಜೊತೆಗೆಂದು ನಾನು ತವರಲ್ಲೇ ಉಳಿದೆ. ನಾವಿನ್ನೂ ಸುಧಾರಿಸಿಕೊಂಡಿರಲಿಲ್ಲ, ಗಾಡಿ ತಿರುಗತೊಡಗಿತು.

ದೇವಾನಂದನನ್ನು ಕೇಳಿದರೆ ಹಲ್ಲು ಕಿಸಿದ. “ಈಗ ಬದಲಿ ಮಾಡಾಕ ಆಗೂದಿಲ್ಲಕ್ಕಾ. ಕಾಕಾ ಜನರ ಕಣ್ಣಾಗರ ಜೀವಂತ ಅದಾನಲ್ಲ, ಅದಕ್ಕ ಸಮಾಧಾನ ಮಾಡ್ಕೋರಿ.” ಕಾಲಲ್ಲಿದ್ದುದು ಕೈಗೆ ಬಂದಿತ್ತು. ಮನೆಯಲ್ಲಿ ಅವ್ವ ಒಬ್ಬಳೇ ಎಂದು ಸುಮ್ಮನೆ ಬಂದೆ. ಊರಿನವರಿಗೇನು, ಎಲ್ಲ ಗೊತ್ತಿತ್ತು. ಮಣ್ಣು ಕೊಟ್ಟವರೇ ಕಟ್ಟೆಯ ಮೇಲೆ ಕೂತು ಚಹಾ ಕುಡಿಯುತ್ತ ಅಪ್ಪನ ಭಾಷಣ ನೋಡುತ್ತಿದ್ದರು. ಒಬ್ಬರಾದರೂ ಗಾಡಿಗೆ ಅಡ್ಡ ಬರಲಿಲ್ಲ.

ಅವ್ವನದೇ ನನಗೆ ತಿಳಿಯುತ್ತಿರಲಿಲ್ಲ. ದೂರದಲ್ಲಿ ಹಾಡು ಕೇಳಿದರೆ ಸಾಕು, ರೊಟ್ಟಿ ಬಡಿಯುವುದನ್ನು ಅರ್ಧಕ್ಕೇ ಬಿಟ್ಟು, ಕೈ ತೊಳೆದು, ಸೆರಗು ಸರಿಮಾಡಿಕೊಂಡು ಬಾಗಿಲ ಮರೆಯಲ್ಲಿ ನಿಲ್ಲುತ್ತಿದ್ದಳು. ಹೆಂಚಿನ ಮೇಲೆ ರೊಟ್ಟಿ ಸೀದುಹೋಗುತ್ತಿತ್ತು. ಅವಳ ಕಣ್ಣು ತುಂಬಿರುತ್ತಿತ್ತು. ಪಾಪ, ಸಂಕಟ ತಡೆಯಲಾರದೆ ನಿಂತಿದ್ದಾಳೆ ಎಂದು ನಾನು ಕದ ಮುಚ್ಚಲು ಹೋದರೆ ನನ್ನ ಕೈ ಹಿಡಿಯುತ್ತಿದ್ದಳು.

“ಇರ ಸುವರ್ಣಾ, ಅವರು ಮಾತಾಡಾಕತ್ತಾರ.”

“ಅದು ಟಿವಿ ಬೇ! ಅಪ್ಪ ಎಲ್ಲಿ ಮಾತಾಡಾಕತ್ತಾನ?”

ಅವ್ವ ಗಾಡಿ ಹಣಮಪ್ಪನ ಗುಡಿ ದಾಟುವವರೆಗೂ ನಿಂತಿದ್ದು, ಆಮೇಲೆ ಬಂದು ಸೀದ ರೊಟ್ಟಿಯನ್ನು ತೆಗೆದು ತನ್ನ ತಾಟಿಗೆ ಹಾಕಿಕೊಳ್ಳುತ್ತಿದ್ದಳು.

ಅಪ್ಪ ಮಾತು ಕಡಿಮೆಯ ಮನುಷ್ಯ. ಕುರಿಗಳಿಗೆಲ್ಲ ಹೆಸರಿಟ್ಟಿದ್ದ, ಚುಕ್ಕಿ, ಗೆಜ್ಜಿ, ಕರೇಕಿವಿ ಅಂತ. ಅವ್ವನನ್ನು ಕರೆಯುವುದು ಮಾತ್ರ “ಏ” ಎಂದು. ಬೇರೆಯವರ ಮುಂದಾದರೆ “ನಮ್ಮ ಮನ್ಯಾಗಿನಾಕಿ”. ನಮ್ಮ ಹಿರಿಯರಲ್ಲಿ ಹೆಂಡತಿಯಾದವಳು ಗಂಡನ ಹೆಸರು ಹಿಡಿಯುವುದಿಲ್ಲ. ಅಪ್ಪ ಅದನ್ನು ತನಗೂ ಹಚ್ಚಿಕೊಂಡುಬಿಟ್ಟಿದ್ದ. ಸಣ್ಣವಳಿದ್ದಾಗ, “ಯಪ್ಪಾ, ಕುರಿಗೆ ಕೊಟ್ಟ ಮರ್ಯಾದಿ ಅವ್ವಗರ ಕೊಡೊ” ಎಂದು ನಾನು ಕಾಡಿಸಿದರೆ ನಾಚಿ ಎದ್ದು ದೊಡ್ಡಿಯ ಕಡೆ ಹೋಗಿಬಿಡುತ್ತಿದ್ದ.

ಒಂದು ದಿನ ಬಳೆಗಾರ್ತಿ ಮಾಶಾಬಿ ಬಂದಳು. ಬಬಲೇಶ್ವರದವಳು, ಅವ್ವನಿಗೆ ಹಳೆಯ ಗುರುತು. ಹೊಸಿಲು ದಾಟುವ ಮೊದಲೇ ಅವಳ ಮಾತು ಒಳಗೆ ಬಂದಿತ್ತು. “ಸಕ್ರವ್ವಕ್ಕಾ, ಸಂತ್ಯಾಗ ಗಾಡಿ ಮ್ಯಾಲೆ ಮಲಕಾಜಣ್ಣನ್ನ ನೋಡಿದ್ನಿ ನೋಡವ್ವಾ! ಆಪರೇಷನ್ ಆಗಿ ಏನ್ ಕಳಾ ಬಂದೈತಿ ಮಾರಿಮ್ಯಾಗ! ಹಸರು ಬಳಿ ತಂದೇನಿ, ಕೈ ಚಾಚು.”

ಅವ್ವ ಎರಡೂ ಕೈಗಳನ್ನು ಸೆರಗಿನೊಳಗೆ ಎಳೆದುಕೊಂಡಳು. ಮಾಶಾಬಿ ಮೊದಲು ನಕ್ಕಳು, ಆಮೇಲೆ ಅವ್ವನ ಹಣೆ ನೋಡಿದಳು, ಗೋಡೆಯ ಮೇಲೆ ಹಾರ ಹಾಕಿದ ಫೋಟೋ ನೋಡಿದಳು. “ಯಾ ಅಲ್ಲಾ” ಎಂದು ಬಳೆಯ ಗಂಟು ಅಲ್ಲೇ ಬಿಟ್ಟು, ಅವ್ವನನ್ನು ತಬ್ಬಿಕೊಂಡು ಅತ್ತಳು. ಅವ್ವ ಅಳಲಿಲ್ಲ. ಮಾಶಾಬಿಯ ಬೆನ್ನು ಸವರುತ್ತ, “ನಿನಗ ಹೆಂಗ ಗೊತ್ತಾಗಬೇಕು, ಬಿಡ” ಎಂದಳು.

ನನಗೆ ತಡೆಯಲಾಗಲಿಲ್ಲ. ಇನ್ನು ಈ ಗಾಡಿಯ ಮೇಲೆ ಅಪ್ಪನ ಮುಖ ಇರಬಾರದು, ನಾನಿರಬೇಕು ಇಲ್ಲ ಅದಿರಬೇಕು ಎಂದುಕೊಂಡು ಮರುದಿನ ಬಸ್ಸು ಹತ್ತಿದೆ.

ಅಪ್ಪನ ವಿಡಿಯೋ ತೆಗೆದ ಸ್ಟುಡಿಯೋ ಇದ್ದುದು ವಿಜಯಪುರದ ಸೊಲ್ಲಾಪುರ ರಸ್ತೆಯಲ್ಲಿ, ಟೈರಿನ ಅಂಗಡಿಯೊಂದರ ಮೇಲೆ. ಪ್ರಚಾರದ ವಿಡಿಯೋ ಮಾಡುವ ಹುಡುಗ ಚೇತನಕುಮಾರ, ಗಡ್ಡ ಬಿಟ್ಟುಕೊಂಡು ಕಣ್ಣು ಕೆಂಪಗೆ ಮಾಡಿಕೊಂಡು ಕಂಪ್ಯೂಟರಿನ ಮುಂದೆ ಕೂತಿದ್ದ. ನಾನು ಮಲಕಾಜಪ್ಪನ ಮಗಳು ಎಂದ ಕೂಡಲೇ ಎದ್ದು ಕುರ್ಚಿ ಕೊಟ್ಟ.

“ಕಾಕಾ ಹೆಂಗ ಅದಾರ್ರಿ ಅಕ್ಕಾರ?”

“ಸತ್ತಾನ. ನೀವು ಸತ್ತವನ ಕೈಲೆ ಓಟ ಕೇಳಾಕತ್ತೀರಿ.”

ಅವನಿಗೆ ನಿಜವಾಗಿ ಗೊತ್ತಿರಲಿಲ್ಲ. ಕಂಪ್ಯೂಟರಿನ ಕಡೆ ಕೈ ತೋರಿಸಿ, ಅವತ್ತು ತೆಗೆದದ್ದೆಲ್ಲ ಹಾಗೇ ಇದೆ, ನೋಡುತ್ತೀರಾ ಎಂದು ಕೇಳಿದ. ನೋಡಿದೆ. ಎರವಲು ಅಂಗಿಯ ಗುಂಡಿ ಹಾಕಲು ಬಾರದೆ ಅಪ್ಪ ಒದ್ದಾಡುತ್ತಿದ್ದ. ಕ್ಯಾಮೆರಾದ ಹಿಂದಿನಿಂದ ಚೇತನನ ದನಿ, “ಹೇಣ್ತಿ ಹೆಸರ ಹಿಡದ ಹೇಳ್ರಿ ಕಾಕಾ, ಛಲೋ ಕಾಣತೈತಿ.” ಅಪ್ಪ ರುಮಾಲಿನ ತುದಿಯಿಂದ ಬಾಯಿ ಮುಚ್ಚಿಕೊಂಡು ನಕ್ಕ. “ಹೆಸರ ಹಿಡೀಲೇಬೇಕೇನ್ರಿ? ಆಕಿ ಕೇಳಿದ್ರ ನಗತಾಳ್ರಿ.” ಕೊನೆಗೊಮ್ಮೆ ಹೇಳಿದ. ಹೇಳಿದವನೇ ಬೆವರು ಒರೆಸಿಕೊಂಡು ದೇವಾನಂದನ ಕಡೆ ನೋಡಿದ. “ಆತಲ್ರಿ? ಈಗ ಪತ್ರ ಕೊಡ್ತೀರಿ ಹೌದಲ್ರಿ?” ದೇವಾನಂದನ ದನಿ ಬಂತು, “ಕೊಡೂನು ಕಾಕಾ, ನಡೀರಿ.”

ನಾನು ಅಲ್ಲೇ ದೊಡ್ಡ ದನಿಯಲ್ಲಿ ಅತ್ತೆ. ಅತ್ತು ಮುಗಿದ ಮೇಲೆ ಸಿಟ್ಟು ಬಂತು. “ಅಳಸು. ನನ್ನ ಕಣ್ಣಮುಂದ ಎಲ್ಲಾ ಅಳಸು. ಇಲ್ಲಂದ್ರ ಇಲ್ಲಿಂದ ಸೀದಾ ಚುನಾವಣಾ ಕಚೇರಿಗೆ ಹೋಗ್ತೇನಿ.”

ಚೇತನ ದೇವಾನಂದನಿಗೆ ಫೋನು ಹಚ್ಚಿದ. ದೇವಾನಂದ ವಾದ ಮಾಡಬಹುದು ಎಂದುಕೊಂಡಿದ್ದೆ. ಮಾಡಲಿಲ್ಲ. “ಅಳಸಪಾ, ಹಿಂದಿಂದು ಮುಂದಿಂದು ಏನೂ ಇಟ್ಕೋಬ್ಯಾಡ, ಗಾಡ್ಯಾಗಿಂದೂ ತಗಸ್ತೇನಿ” ಎಂಬುದು ನನಗೂ ಕೇಳಿಸಿತು. ಆಹಾ, ಹೆದರಿದ ನೋಡು ಎಂದು ಬೀಗಿದೆ.

ಗುಂಡಿ ಒತ್ತುವ ಮೊದಲು ಚೇತನ ತಡೆದ. “ನಿಮ್ಮ ಫೋನಿಗೆ ಒಂದ ಹಾಕಿ ಕೊಡ್ಲೇನ್ರಿ ಅಕ್ಕಾರ? ಬೇರೆ ಎಲ್ಲೂ ಬಿಟ್ಟಿಲ್ಲರಿ, ಗಾಡಿಗಷ್ಟಾ ಮಾಡಿದ್ದು. ಮನ್ಯಾಗ ಯಾರಿಗರ ಬೇಕಾಗಬಹುದು.”

“ಬ್ಯಾಡ. ಸುಳ್ಳು ಹೇಳೂ ಅಪ್ಪ ನನಗ ಬ್ಯಾಡ.”

ಅಳಿಸಿದ. ನಾನು ಕಣ್ಣಾರೆ ನೋಡಿದೆ.

ಬಸ್ಸು ಬಬಲೇಶ್ವರ ಮುಟ್ಟುವ ಹೊತ್ತಿಗೆ ನನಗೆ ಹೊಳೆಯಿತು. ಪತ್ರ ಕೊಡೂನು ಕಾಕಾ ಎಂದ ದೇವಾನಂದನ ದನಿ ಇದ್ದುದು ಅದೊಂದರಲ್ಲಿಯೇ. ಕಚೇರಿಗೆ ಹೋಗಿ ತೋರಿಸಲು ನನ್ನ ಕೈಯಲ್ಲಿ ಅದೊಂದೇ ಇತ್ತು. ಅದನ್ನು ನಾನೇ ಅಳಿಸು ಅಂದಿದ್ದೆ, ಅವನು ಅದಕ್ಕೇ ಅಷ್ಟು ಬೇಗ ಹೂಂ ಅಂದಿದ್ದ. ಇಂಥ ಬಾಯಿ ಇಟ್ಟುಕೊಂಡು ಏನು ಉಪಯೋಗ ಎಂದು ನನ್ನನ್ನೇ ಬೈದುಕೊಂಡೆ. ಹೋಗಲಿ, ಅವ್ವನ ಸಂಕಟವಾದರೂ ತಪ್ಪಿತು ಎಂದು ಸಮಾಧಾನ ಮಾಡಿಕೊಂಡು ಮನೆಗೆ ಬಂದೆ.

“ನಾಳಿಂದ ಅಪ್ಪ ಬರೂದಿಲ್ಲ ಬೇ. ತಗಸಿ ಬಂದೇನಿ.”

ಅವ್ವ ಜೋಳ ಹಸನು ಮಾಡುತ್ತಿದ್ದಳು. ಮೊರ ಕೈಯಲ್ಲೇ ನಿಂತಿತು. ನನ್ನ ಮುಖ ನೋಡಿ, “ಹೌದಾ” ಎಂದಳು.

ಮರುದಿನ ಬೆಳಗ್ಗೆ ಹಾಡು ಕೇಳಿದಾಗ ಅವ್ವ ಎಂದಿನಂತೆ ಕೈ ತೊಳೆದಳು. ನಾನು ಹೇಳಿದ್ದನ್ನು ನಂಬಿರಲಿಲ್ಲವೋ, ನಂಬಿದರೂ ಎದ್ದಳೋ. ಹಾಡು ಮುಗಿಯಿತು, ಸಾಹೇಬರು ಕೈ ಮುಗಿದರು, ಆಮೇಲೆ ಯಾವುದೋ ಊರಿನ ಹೆಂಗಸು ಬಂದು ರಸ್ತೆ ಆಯಿತು ಎಂದಳು. ಅವ್ವ ಬಾಗಿಲ ಮರೆಯಿಂದ ಈಚೆ ಬಂದಳು. ಗಂಡ ಸತ್ತ ಮೇಲೆ ಹೊಸಿಲು ದಾಟಿರದ ಹೆಂಗಸು ಎಲ್ಲರೂ ನೋಡುತ್ತಿದ್ದಂತೆ ಬೀದಿಗಿಳಿದು ಗಾಡಿಯ ಮುಂದೆ ನಿಂತಳು. ಚಾಲಕ ಗಾಬರಿಯಾಗಿ ಬ್ರೇಕು ಹಾಕಿದ.

“ಯಪ್ಪಾ, ನಮ್ಮವರನ್ನ ಎಲ್ಲಿ ಇಳಿಸಿ ಬಂದ್ರಿ?”

ಕಟ್ಟೆಯ ಮೇಲಿನವರು ಚಹಾದ ಲೋಟ ಕೆಳಗಿಟ್ಟು ಎದ್ದು ನಿಂತರು. ನಾನು ಓಡಿಹೋಗಿ ಅವ್ವನನ್ನು ಹಿಡಿದು ಒಳಗೆ ತಂದೆ. ಹೆದರಿಕೆಯಲ್ಲಿ, “ತಲಿ ಕೆಟ್ಟೈತೇನ ಬೇ ನಿನಗ?” ಎಂದುಬಿಟ್ಟೆ.

“ತಲಿ ಕೆಟ್ಟಿಲ್ಲ ನನಗ” ಎಂದಳು ಅವ್ವ. “ಅವರು ಸತ್ತದ್ದು ನನಗ ಗೊತ್ತಿಲ್ಲೇನ? ತಲಿ ತೊಡಿ ಮ್ಯಾಲೆ ಇಟ್ಕೊಂಡ ಕುಂತಾಕಿ ನಾ. ಆದ್ರ ಸುವರ್ಣಾ, ಲಗ್ನ ಆದಾಗಿಂದ ಆ ಮನಷ್ಯಾ ನನ್ನ ಹೆಸರ ಹಿಡದಿರಲಿಲ್ಲವಾ. ಒಂದ ದಿನಾನೂ ಹಿಡದಿರಲಿಲ್ಲ. ದಿನಾ ಎರಡ ಹೊತ್ತು ಬಂದು ಸಕ್ರವ್ವಾ ಅಂತಿದ್ರು. ಅದನ್ನ ಕೇಳಾಕ ನಿಲ್ಲತಿದ್ನಿ.”

“ನನಗ್ಯಾಕ ಹೇಳ್ಲಿಲ್ಲ ಬೇ?”

“ಇದನ್ನ ಬಾಯಿಬಿಟ್ಟ ಹೆಂಗ ಹೇಳಲಿ? ಮಗಳ ಮುಂದ?”

ನಾನು ಚೇತನನಿಗೆ ಫೋನು ಮಾಡಿದೆ. ಅಳುತ್ತ ಕೇಳಿದೆ, ಎಲ್ಲಾದರೂ ಒಂದು ಚೂರು ಉಳಿದಿದೆಯಾ, ದನಿಯಾದರೂ ಸಾಕು. ಅವನು ಹುಡುಕಿದ, ಗಾಡಿಯವನನ್ನೂ ಕೇಳಿದ. ದೇವಾನಂದ ಪೆನ್‌ಡ್ರೈವ್ ಒಯ್ದು ಬೇರೆಯದು ತುಂಬಿಸಿ ಕಳಿಸಿದ್ದ. “ನೀವಾ ಹೇಳಿದ್ರಲ್ರಿ ಅಕ್ಕಾರ” ಎಂದ ಚೇತನ. ಬೈಯುವ ದನಿಯಲ್ಲಿ ಹೇಳಿದ್ದರೂ ನಡೆಯುತ್ತಿತ್ತು, ಅವನು ಕನಿಕರದಿಂದ ಹೇಳಿದ.

ಮತದಾನದ ದಿನ ಅವ್ವ ಬೇಗ ಎದ್ದು ತಲೆ ತೊಳೆದುಕೊಂಡು ಒಗೆದ ಸೀರೆ ಉಟ್ಟಳು. ನನ್ನ ಓಟು ಟಿಕೋಟಾದಲ್ಲಿ, ಅಲ್ಲಿಗೆ ಮಧ್ಯಾಹ್ನ ಹೋದರಾಯಿತು ಎಂದು ಅವಳ ಜೊತೆ ಹೊರಟೆ. ದಾರಿಯುದ್ದಕ್ಕೂ ಬೇಡಿಕೊಂಡೆ.

“ಯಾರಿಗಾದ್ರೂ ಹಾಕ ಬೇ. ಯಾರಿಗೂ ಹಾಕದಿದ್ರೂ ನಡೀತೈತಿ. ಆ ಮನಷ್ಯಾಗ ಮಾತ್ರ ಬ್ಯಾಡ. ಅವನ ಪತ್ರಕ್ಕ ಕಾದು ಕಾದು ಅಪ್ಪ ಸತ್ತ.”

“ನಿಮ್ಮಪ್ಪ ಮರೀಬ್ಯಾಡ ಅಂದಾರ.”

“ಅದು ಬರದು ಕೊಟ್ಟ ಮಾತು ಬೇ! ನಾ ಕಣ್ಣಿಂದ ನೋಡೇನಿ. ಹಿಂಗ ಹೇಳ್ರಿ ಅಂತ ಅವರು ಹೇಳಿಸ್ಯಾರ.”

ಅವ್ವ ಶಾಲೆಯ ಗೇಟಿನ ಹತ್ತಿರ ನಿಂತಳು. “ಮಾತು ಸಾಹೇಬರ ಮಂದೀದಾ ಇರಲಿ ಬಿಡ. ದನಿ ಯಾರದು? ನಿಮ್ಮಪ್ಪ ನನಗ ಇದು ಬೇಕು ಅಂತ ಒಮ್ಮೆನೂ ಕೇಳಿದಾಂವಲ್ಲ. ಹಸದ ಬಂದ್ರೂ ಹಾಕು ಅಂದಾಂವಲ್ಲ. ಹೆಸರ ಹಿಡದು ಕರದು ಒಂದ ಕೇಳ್ಯಾರ. ಇಲ್ಲ ಅನ್ನಾಕ ನನಗ ಹೆಂಗ ಬರತೈತಿ ಹೇಳು.”

ಅವಳು ಒಳಗೆ ಹೋದಳು. ನಾನು ಹೊರಗೆ ಸಾಲಿನ ಪಕ್ಕ ನಿಂತು, ತೆರೆದ ಬಾಗಿಲಿನಿಂದ ನೋಡುತ್ತಿದ್ದೆ. ಏಜೆಂಟರ ಬೆಂಚಿನ ಮೇಲೆ ದೇವಾನಂದ ಕೂತಿದ್ದ. ಅವ್ವನನ್ನು ಕಂಡು ತಲೆ ತಗ್ಗಿಸಿದ.

ಅಧಿಕಾರಿ ಚೀಟಿ ನೋಡಿ ಏಜೆಂಟರಿಗೆಲ್ಲ ಕೇಳುವ ಹಾಗೆ ಗಟ್ಟಿಯಾಗಿ ಓದಿದ, “ಸಕ್ರವ್ವ. ಗಂಡ ಮಲಕಾಜಪ್ಪ.”

ಅವ್ವ ಕದಲಲಿಲ್ಲ.

“ಮುಂದ ಹೋಗ್ರಿ ಅಜ್ಜಿ, ಬೆರಳಿಗೆ ಮಸಿ ಹಚ್ಚಿಸ್ಕೋರಿ.”

“ಇನ್ನೊಮ್ಮೆ ಓದ್ರಿ ಸಾಹೇಬ್ರ” ಎಂದಳು ಅವ್ವ.

ಸಾಲಿನಲ್ಲಿದ್ದ ಯಾರೋ ನಕ್ಕರು. ಅಧಿಕಾರಿ ಬೇಸರದಿಂದ ಅವಳನ್ನು ನೋಡಿದ, ಮತ್ತೊಮ್ಮೆ ಓದಿದ. ಅವ್ವ “ಹೂಂ” ಎಂದು ಸೆರಗು ತಲೆಯ ಮೇಲೆ ಎಳೆದುಕೊಂಡು ಯಂತ್ರ ಇಟ್ಟ ಮರೆಯ ಹಿಂದೆ ಹೋದಳು. ಯಂತ್ರ ಉದ್ದಕ್ಕೆ ಕೂಗಿತು.

ಹೊರಗೆ ಬಂದು, ಮಸಿ ಹಚ್ಚಿದ ಬೆರಳನ್ನು ಬೇರೆ ಬೆರಳಿಗೆ ತಾಗದಂತೆ ಹಿಡಿದುಕೊಂಡು ನನ್ನ ಪಕ್ಕದಲ್ಲಿ ನಡೆದಳು. ಹಣಮಪ್ಪನ ಗುಡಿಯ ತಿರುವಿನಲ್ಲಿ, ಗಾಡಿ ತಿರುಗುತ್ತಿದ್ದ ಕಡೆಗೆ ಒಮ್ಮೆ ನೋಡಿ, “ಮರೀಲಿಲ್ಲರಿ” ಎಂದಳು. ನನಗೆ ಹೇಳಿದ್ದಲ್ಲ. ನನಗೆ ಅವ್ವ ರೀ ಎನ್ನುವುದಿಲ್ಲ.