ಅರಳಿಮರದ ಮಡಕೆ

ಚಾಮರಾಜಪೇಟೆಯ ಆ ಬೀದಿಯಲ್ಲಿ ಏನು ನಡೆದರೂ ಮೊದಲು ಲಕ್ಷ್ಮೀದೇವಮ್ಮನವರ ಕಣ್ಣಿಗೇ ಬೀಳಬೇಕು. ಅರಳಿಕಟ್ಟೆಯ ಮರದ ಕೊಂಬೆಗೆ ಯಾರೋ ಮಡಕೆ ತೂಗುಹಾಕಿದ್ದನ್ನೂ ಅವರೇ ಮೊದಲು ಕಂಡರು. ಮಡಕೆಯ ತಳದಲ್ಲಿ ತೂತು, ಅದರಿಂದ ತೊಟ್ಟಿಕ್ಕುವ ನೀರು, ಕೆಳಗೊಂದು ಆರಿದ ಹಣತೆ. ಇದು ಮಾಟವೇ ಸೈ ಎಂದು ಅಕ್ಕಪಕ್ಕದವರನ್ನು ಕೂಗಿ ಕರೆದು, ಕೋಲಿನಿಂದ ತಾವೇ ಅದನ್ನು ಒಡೆದುಹಾಕಿದರು.

ಕಟ್ಟಿದವನು ಅವರ ವಠಾರದಲ್ಲೇ ಬಾಡಿಗೆಗಿದ್ದ ಬಡಗಿ ರಾಮ್‌ಬಿಲಾಸ್ ಎಂದು ಸಂಜೆಗೆ ತಿಳಿಯಿತು. ಬಿಹಾರದಿಂದ ಹೆಂಡತಿ, ಮಗುವಿನೊಂದಿಗೆ ಬಂದು ಇನ್ನೂ ವರ್ಷ ತುಂಬಿರಲಿಲ್ಲ. ಅವನು ಕೈಮುಗಿದು ಅರ್ಧ ಹಿಂದಿ ಅರ್ಧ ಕನ್ನಡದಲ್ಲಿ ಏನೋ ಹೇಳಹೊರಟ. ಲಕ್ಷ್ಮೀದೇವಮ್ಮ ಕಿವಿಗೇ ಹಾಕಿಕೊಳ್ಳಲಿಲ್ಲ. ತಿಂಗಳು ಮುಗಿಯುವುದರೊಳಗೆ ಮನೆ ಖಾಲಿ ಮಾಡು ಎಂದುಬಿಟ್ಟರು.

ಎದುರುಮನೆಯ ಮಾಧವಿ ಮಹಿಳಾ ಸಂಘ ನಡೆಸುವವರು. ಸಂಘದಿಂದ ಪ್ರತಿ ಭಾನುವಾರ ಒಂದು ನಡಿಗೆ ಇರುತ್ತಿತ್ತು. ಹೊರಗಿನಿಂದ ಬಂದವರು ಮುಂದೆ ನಡೆದು, ಈ ಪೇಟೆಯಲ್ಲಿ ತಮ್ಮ ಬದುಕು ಎಲ್ಲೆಲ್ಲಿ ಸಾಗುತ್ತದೆ ಎಂದು ಹಳಬರಿಗೆ ತೋರಿಸಬೇಕು. ತಿಂಗಳ ಕೊನೆಯ ಭಾನುವಾರ ರಾಮ್‌ಬಿಲಾಸನ ಸರದಿ. ಲಕ್ಷ್ಮೀದೇವಮ್ಮ ಮುಖ ಸಿಂಡರಿಸಿದರು. ಈ ಬೀದಿಗೆ ಸೊಸೆಯಾಗಿ ಬಂದು ತಲೆ ನೆರೆತಿದೆ, ನಿನ್ನೆ ಬಂದವನು ನನಗೆ ಬೀದಿ ತೋರಿಸುತ್ತಾನೆಯೇ ಎಂದರು.

"ಬೀದಿ ನಿಮಗೆ ಗೊತ್ತು ಅಮ್ಮ, ಅವನು ಗೊತ್ತಿಲ್ವಲ್ಲ," ಎಂದರು ಮಾಧವಿ. "ಮನೆ ಬಿಡಿಸೋದಾದ್ರೆ ಬಿಡಿಸಿ. ಒಂದ್ಸಲ ಅವನ ಮಾತು ಕೇಳ್ಕೊಂಡು ಬಿಡಿಸಿ."

ಲಕ್ಷ್ಮೀದೇವಮ್ಮ ಒಲ್ಲದ ಮನಸ್ಸಿನಿಂದಲೇ ಹೊರಟರು. ಕೆಲಸಕ್ಕೆ ಕರೆಯುವವರಿಗಾಗಿ ಬೆಳಿಗ್ಗೆ ಕಾಯುವ ಮೂಲೆ, ನಾಲ್ಕಕ್ಷರ ಕನ್ನಡ ಕಲಿಸಿದ ಶೀನಣ್ಣನ ಟೀ ಅಂಗಡಿ, ಊರಿಗೆ ಫೋನ್ ಮಾಡುವ ಎಸ್‌ಟಿಡಿ ಬೂತು, ಎಲ್ಲವನ್ನೂ ರಾಮ್‌ಬಿಲಾಸ್ ತೋರಿಸಿದ. ಅರಳಿಕಟ್ಟೆಯ ಬಳಿ ಬಂದಾಗ ತಾನು ಮಡಕೆ ಕಟ್ಟಿದ್ದ ಕೊಂಬೆಯತ್ತ ಕೈ ತೋರಿಸಿದ.

"ಊರಲ್ಲಿ ನಮ್ಮಮ್ಮ ತೀರ್ಕೊಂಡ್ರು," ಎಂದ. "ಫೋನ್ ಬರೋ ಹೊತ್ತಿಗೆ ಸುಟ್ಟು ಆಗಿತ್ತು. ನಾನು ಒಬ್ಬನೇ ಮಗ. ಸತ್ತವರಿಗೆ ಬಾಯಾರಿಕೆ ಅಂತಾರೆ ನಮ್ಮ ಕಡೆ. ಅರಳಿಮರಕ್ಕೆ ಮಡಕೆ ಕಟ್ಟಿ ಮಗ ಹತ್ತು ದಿನ ನೀರು ಹಾಕ್ಬೇಕು. ನಾನು ಒಂದೇ ದಿನ ಹಾಕಿದ್ದು. ಮತ್ತೆ ಕಟ್ಟೋಕೆ ಭಯ ಆಯ್ತು."

ಲಕ್ಷ್ಮೀದೇವಮ್ಮ ಕಟ್ಟೆಯ ಮೇಲೆ ಕುಳಿತರು. ತಮ್ಮ ಯಜಮಾನರ ತಿಥಿಯ ದಿನ ಕಾಗೆ ಎಡೆ ಮುಟ್ಟದೆ, ಮನೆಮಂದಿಯೆಲ್ಲ ಬಿಸಿಲಲ್ಲಿ ಕೈಮುಗಿದು ನಿಂತದ್ದು ನೆನಪಾಯಿತು. ಆಗ ಯಾರಾದರೂ ಬಂದು ಆ ಎಲೆಯನ್ನು ಒದ್ದಿದ್ದರೆ? ನೆನೆದು ಅವರಿಗೆ ಅಳು ತಡೆಯಲಾಗಲಿಲ್ಲ.

"ತಪ್ಪಾಯ್ತು ಕಣಪ್ಪ. ಕೇಳ್ಬೇಕಿತ್ತು ನಾನು," ಎಂದರು. "ಮನೆ ಬಿಡ್ಬೇಡ."

ಮನೆಯೇನೋ ಉಳಿಯಿತು. ಆದರೆ ಕೋಪದಲ್ಲಿ ಕೊಯ್ದ ಮೂಗು ಶಾಂತವಾದ ಮೇಲೆ ಬಂದೀತೇ? ಆ ಹತ್ತು ದಿನಗಳು ಕಳೆದುಹೋಗಿದ್ದವು. ಲಕ್ಷ್ಮೀದೇವಮ್ಮ ಕಣ್ಣೊರೆಸಿಕೊಂಡು, ಬರುವ ಮಹಾಲಯ ಅಮಾವಾಸ್ಯೆಗೆ ತಮ್ಮ ಮನೆಯ ಹಿರಿಯರ ಜೊತೆ ಅವನ ತಾಯಿಗೂ ಎಡೆ ಇಡುವುದಾಗಿ ಹೇಳಿದರು.

"ನಿಮ್ಮಮ್ಮನ ಹೆಸರೇನಪ್ಪ?"

"ಫೂಲ್‌ಮತಿ," ಎಂದ ರಾಮ್‌ಬಿಲಾಸ್. ಬೆಂಗಳೂರಿಗೆ ಬಂದ ಮೇಲೆ ಆ ಹೆಸರನ್ನು ಅವನು ಹೊರಗಿನವರೊಬ್ಬರ ಮುಂದೆ ಹೇಳಿದ್ದು ಅದೇ ಮೊದಲು.

ಓದುತ್ತಿರುವ ಅಕ್ಕಂದಿರೇ, ಅಣ್ಣಂದಿರೇ, ನಿಮ್ಮ ಬೀದಿಗೂ ದೂರದ ಊರಿನವರು ಬಂದಿರುತ್ತಾರೆ. ಒಂದು ಭಾನುವಾರ ಅವರನ್ನು ಮುಂದೆ ಬಿಟ್ಟು ನೀವು ಹಿಂದೆ ನಡೆಯಿರಿ. ಅವರು ಮಾಡುವುದು ಅರ್ಥವಾಗದಿದ್ದರೆ ಬಾಯಿಬಿಟ್ಟು ಕೇಳಿ, ಹೊತ್ತು ಮೀರುವ ಮೊದಲೇ ಕೇಳಿ.