ಪೂಜೆಯ ದಿನ ಎದ್ದ ಗೋಡೆ

ಒಂದಾನೊಂದು ಊರಿನಲ್ಲಿ ಒಬ್ಬ ರಾಜನಿದ್ದನಂತೆ. ಅವನ ಕೋಟೆಗೆ ಎರಡು ಬಾಗಿಲು. ದೊಡ್ಡದು ಊರಿಗೆಲ್ಲ, ಮಗ್ಗುಲಿನ ಚಿಕ್ಕದು ನೇಕಾರರಿಗೆ. ‘ಚಿಕ್ಕ ಬಾಗಿಲು ಎಂದೂ ಮುಚ್ಚುವುದಿಲ್ಲ’ ಎಂದು ರಾಜ ಡಂಗುರ ಹೊಡೆಸಿದ್ದ. ಆದರೆ ಅವನ ಮನಸ್ಸು ತಕ್ಕಡಿಯ ಮುಳ್ಳಿನ ಹಾಗೆ. ಒಂದು ಬೆಳಗ್ಗೆ ನೇಕಾರರು ಬಂದು ನೋಡಿದರೆ ಬಾಗಿಲಿದ್ದಲ್ಲಿ ಗೋಡೆ!

ಅಜ್ಜಿ ಹೊನ್ನಕ್ಕ ಹೇಳುತ್ತಿದ್ದ ಈ ಕತೆ ಗೋಡೆಯವರೆಗೆ ಬರುವಷ್ಟರಲ್ಲಿ ನನಗೆ ನಿದ್ದೆ ಬಂದಿರುತ್ತಿತ್ತು. ಆಮೇಲೇನಾಯಿತೋ ಕೇಳಿಸಿಕೊಂಡೇ ಇಲ್ಲ. ಈ ದಸರೆಯಲ್ಲಿ ಆ ಗೋಡೆ ನನ್ನ ಲ್ಯಾಪ್‌ಟಾಪಿನೊಳಗೇ ಎದ್ದಿತು.

ಮೊಳಕಾಲ್ಮುರಿನಲ್ಲಿ ನಾನು ರೇಷ್ಮೆ ಸೀರೆಗೆ ಚಿತ್ರ ಬರೆಯುವವಳು. ಕಂಪ್ಯೂಟರಿನಲ್ಲಿ ಬರೆದದ್ದರಂತೆ ಒಂದು ಯಂತ್ರ ರಟ್ಟಿನ ಕಾರ್ಡುಗಳ ಮೇಲೆ ತೂತು ಹೊಡೆಯುತ್ತದೆ. ಆ ಕಾರ್ಡು ಮಗ್ಗ ಏರಿದರೆ ನವಿಲು ಸೀರೆಗಿಳಿಯುತ್ತದೆ. ಈ ತೂತಿನ ಯಂತ್ರ ಲಿನಕ್ಸ್ ಎಂಬ ಕಾರ್ಯವ್ಯವಸ್ಥೆ ಬಿಟ್ಟು ಬೇರೆಯದರ ಮಾತು ಕೇಳುವುದಿಲ್ಲ. ‘ಲಿನಕ್ಸ್‌ಗೂ ನಮ್ಮ ಬೆಂಬಲವಿದೆ’ ಎಂದು ಕಂಪನಿ ಸಾರಿದ್ದಕ್ಕೇ ಆ ಲ್ಯಾಪ್‌ಟಾಪ್ ಕೊಂಡಿದ್ದೆ.

ಆಯುಧಪೂಜೆಯಂದು ಅದಕ್ಕೂ ಕುಂಕುಮ ಹಚ್ಚಿ ಆರತಿ ಎತ್ತುವಾಗ ಪರದೆಯ ಮೇಲೆ ಕಂಪನಿಯ ಕೇಳಿಕೆ: ಹೊಸ ಅಪ್‌ಡೇಟ್ ಬಂದಿದೆ, ಹಾಕಲೇ?

“ಪೂಜೆ ದಿನ ಬಾಗ್ಲಿಗೆ ಬಂದಿದ್ದನ್ನ ಒಲ್ಲೆ ಅನ್ಬಾರ್ದು ಕಣೇ ತೇಜು,” ಎಂದಳು ಅಜ್ಜಿ. ಭಕ್ತಿಯಿಂದ ಒತ್ತಿದೆ.

ಆಮೇಲೆ ಲಿನಕ್ಸ್ ಏಳಲೇ ಇಲ್ಲ. ಫೋನ್ ಮಾಡಿದರೆ ಕಂಪನಿಯವಳು, “ಆ ಬೆಂಬಲ ಸದ್ಯಕ್ಕೆ ನಿಲ್ಲಿಸಿದೀವಿ ಮೇಡಂ. ಮುಂದೆ ಕೊಟ್ಟರೂ ಕೊಡಬಹುದು,” ಎಂದಳು.

ಅವರು ಕೊಡುವಷ್ಟರಲ್ಲಿ ಕೊಂಡ್ಲಹಳ್ಳಿಯ ಗೆಳತಿ ರಶ್ಮಿತಾಳ ಮದುವೆ ಕಳೆದುಹೋಗುತ್ತದೆ. ‘ನಿನ್ನ ಧಾರೆ ಸೀರೆಯ ನವಿಲು ನನ್ನದೇ’ ಎಂದು ಶಾಲೆಯ ಬೆಂಚಿನಲ್ಲೇ ಮಾತು ಕೊಟ್ಟಿದ್ದೆ. ನೇಯಬೇಕಾದ ಬೊಮ್ಮಲಿಂಗಣ್ಣನೂ ಗಡುವು ಹಾಕಿಬಿಟ್ಟ: “ನಾಳೆ ಸಂಜೆ ತಂಕ ಕಾಯ್ತೀನಿ ತೇಜಮ್ಮ. ಆಮ್ಯಾಲೆ ಬ್ಯಾರೆಯೋರ ಕಾರ್ಡು ಕಟ್ತೀನಿ. ಮಗ್ಗ ಸುಮ್ನೆ ನಿಂತ್ರೆ ನನ್ ಹೆಂಡ್ತಿ ನನ್ನೇ ನೇಯ್ತಾಳೆ!”

ಮರುದಿನ ಮೊದಲ ಬಸ್ಸಿಗೆ ಚಳ್ಳಕೆರೆ. ಖಾಜಾ ಹುಸೇನ್ ಅವರ ರಿಪೇರಿ ಅಂಗಡಿಯಲ್ಲಿ ಅವರ ಮಗಳು ಮೆಹಜಬೀನ್ ಲ್ಯಾಪ್‌ಟಾಪ್ ತೆರೆದು ಲೊಚಗುಟ್ಟಿದಳು.

“ಲಿನಕ್ಸ್‌ನ ಒಳಗೆ ಬಿಡೋ ಸೆಟ್ಟಿಂಗೇ ತೆಗೆದವ್ರೆ ಅಕ್ಕಾ. ಅಪ್‌ಡೇಟಿಗೆ ಮುಂಚಿನ ಹಳೇ ಫೈಲ್ ಹಾಕಿದ್ರೆ ಸರಿಹೋಗ್ತೈತೆ. ಆದ್ರೆ ಅದನ್ನೂ ವೆಬ್‌ಸೈಟಿಂದ ಎತ್ತಿಬಿಟ್ಟವ್ರೆ.”

ನನಗೆ ಬೊಮ್ಮಲಿಂಗಣ್ಣನ ಮಗ್ಗ ಕಣ್ಮುಂದೆ ಬಂತು. ಸೀರೆ ಕುಯ್ದರೂ ಅವನು ಹಳೇ ಹಾಸನ್ನು, ಆ ಉದ್ದದ ಎಳೆಗಳನ್ನು, ಪೂರ್ತಿ ತೆಗೆಯುವುದಿಲ್ಲ. ಗೇಣು ಉಳಿಸಿ, ಅದರ ಒಂದೊಂದು ಎಳೆಗೂ ಹೊಸ ಎಳೆ ಗಂಟು ಹಾಕುತ್ತಾನೆ.

“ಹಳೇದರ ತುದಿ ಎಲ್ಲಾದ್ರೂ ಉಳಿದಿರಬೇಕಲ್ಲ? ಇದೇ ಮಾಡೆಲ್, ಅಪ್‌ಡೇಟ್ ಕಾಣದ್ದು?”

ಖಾಜಾ ಹುಸೇನ್ ಅಟ್ಟದ ಕಡೆ ನೋಡಿದರು. “ಗೋವರ್ಧನ ಮೇಷ್ಟ್ರುದು ಐತಲ್ಲ ಬೇಟಿ, ಪರದೆ ಒಡೆದಿದ್ದು. ತಂದಿಟ್ಟೋರು ಈ ಕಡೆ ತಲೇನೇ ಹಾಕಿಲ್ಲ.”

ಮೇಷ್ಟ್ರು ಫೋನಿನಲ್ಲಿ ಒಪ್ಪಿದರು. ಮೆಹಜಬೀನ್ ಅದರಿಂದ ಹಳೇ ಫೈಲ್ ತೆಗೆದು, ನನ್ನದಕ್ಕೆ ಪೆನ್‌ಡ್ರೈವ್ ಚುಚ್ಚಿ, ಕೈ ತಡೆದಳು.

“ನಿನ್ ಬ್ಯಾಟರಿ ಸೊರಗೈತೆ. ಮಧ್ಯೆ ಕರೆಂಟ್ ಹೋಗಿ ಅದೂ ಕೈಕೊಟ್ರೆ ಇದು ಕಲ್ಲು. ನಾನು ಏಳಿಸಾಕೆ ಆಗಲ್ಲ. ಹಾಕ್ಲಾ?”

ಶಾಪಕ್ಕೆ ಕಲ್ಲಾದವರ ಕತೆಗಳೆಲ್ಲ ನೆನಪಾದವು. “ಹಾಕು,” ಎಂದೆ.

ಪರದೆಯ ಮೇಲೆ ನೀಲಿ ಗೆರೆ ಇರುವೆಯಂತೆ ಹರಿಯಿತು. ಅರ್ಧ ದಾಟಿತ್ತು. ತಲೆಯ ಮೇಲಿನ ಫ್ಯಾನು ನಿಧಾನವಾಯಿತು, ನಿಂತಿತು. ಪರದೆ ಮಂಕಾಯಿತು.

“ಯಾ ಅಲ್ಲಾ,” ಎಂದರು ಖಾಜಾ ಹುಸೇನ್.

ಯಾರೂ ಅಲುಗಾಡಲಿಲ್ಲ. ಗೆರೆ ಮಾತ್ರ ತೆವಳುತ್ತಲೇ ಇತ್ತು. ಕೊನೆ ಮುಟ್ಟಿತು. ಪರದೆ ಪೂರ್ತಿ ಕಪ್ಪಾಯಿತು.

ಆಮೇಲೆ ಲಿನಕ್ಸ್ ಎದ್ದಿತು. ಅದರ ಹಿಂದೆಯೇ ನನ್ನ ನವಿಲು.

“ಇನ್ಮೇಲೆ ಅದೇನು ಕೇಳಿದ್ರೂ ಒಲ್ಲೆ ಅನ್ನು ಅಕ್ಕಾ,” ಮೆಹಜಬೀನ್ ಬೆವರೊರೆಸಿಕೊಂಡಳು. “ದೀಪಾವಳಿ ಪೂಜೆ ಬ್ಯಾರೆ ಬರ್ತೈತೆ!”

ಮನೆಗೆ ಬಂದವಳು ಊಟವನ್ನೂ ಮಾಡದೆ ಕಾರ್ಡು ಹೊಡೆದೆ. ಪೋಣಿಸಿದ ಕಾರ್ಡುಗಳ ಸರವನ್ನು ಹೆಗಲಿಗೆ ಹಾಕಿಕೊಂಡು ಓಡುವಾಗ ಹೊತ್ತು ಮುಳುಗುತ್ತಿತ್ತು. ಬೊಮ್ಮಲಿಂಗಣ್ಣ ಬೇರೆಯವರ ಕಾರ್ಡು ಹಿಡಿದು ಮಗ್ಗದ ನೆತ್ತಿಗೆ ಏರಿಸಲು ಏಣಿ ಹತ್ತಿಬಿಟ್ಟಿದ್ದ.

“ತಡೀರಿ ಅಣ್ಣಾ!”

“ಬಂದ್ಯಾ ತಾಯಿ,” ಎಂದು ಅದನ್ನು ಕೆಳಗಿಟ್ಟ. ನನ್ನ ಸರ ಏರಿಸಿದ. ಕೊನೆಯ ಕಾರ್ಡನ್ನು ಮೊದಲನೆಯದಕ್ಕೆ ಬಿಗಿದು, ಕೆಳಗಿಳಿದು ಮಗ್ಗ ತುಳಿದ. ಲಾಳಿ ಓಡಿತು.